ಅವರ ಎಡಗಿವಿಯ ಸುದ್ದಿ

ನಾನು ಕನ್ನಡ ಕಲಿಸುತ್ತಿದ್ದ ಶಾಲೆ ಈಗ ಇಲ್ಲ. ಕಟ್ಟಡ ಹಾಗೇ ಇದೆ. ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದು, ಕೊನೆಯ ವರ್ಷ ನನ್ನ ತರಗತಿಯಲ್ಲಿ ಒಂಬತ್ತೇ ಮಕ್ಕಳಿದ್ದರು. ಆ ಒಂಬತ್ತೂ ಮಕ್ಕಳು ಬಿಡುವಿನ ಹೊತ್ತಿನಲ್ಲಿ ಹಿಂದಿಯಲ್ಲೇ ಜಗಳವಾಡುತ್ತಿದ್ದರು. ನಾನು ನಿವೃತ್ತಳಾದ ಮೇಲೆ ಕನ್ನಡ ವಿಭಾಗದ ಬೋರ್ಡನ್ನು ಇಳಿಸಿದರೆಂದು ಕೇಳಿದೆ. ನೋಡಲು ಹೋಗಲಿಲ್ಲ.

ಆಮೇಲಿನ ದಿನಗಳಲ್ಲಿ ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಮಧ್ಯಾಹ್ನಗಳು ಬಹಳ ಉದ್ದವಾದವು. ಮೂರನೆಯ ಮಾಳಿಗೆ, ಎರಡು ಕೋಣೆ. ಅಡಿಗೆಮನೆಯ ಕಿಟಕಿಯಲ್ಲಿ ನಿಂತರೆ ದೂರದಲ್ಲಿ ಉಪ್ಪಿನ ಗದ್ದೆಗಳ ಕಡೆಯಿಂದ ಒಂದು ಬಿಳಿ ಬೆಳಕು ಎದ್ದು ಬರುತ್ತಿತ್ತು. ಆ ಬೆಳಕಿನ ನಡುವೆ ಆಗೊಮ್ಮೆ ಈಗೊಮ್ಮೆ ಮೋನೊರೈಲು ಯಾರಿಗೂ ಹೇಳದೆ ಹೊರಟ ಹಾಗೆ ಜಾರಿ ಹೋಗುತ್ತಿತ್ತು. ಊಟದ ನಂತರ ಇಡೀ ಬಿಲ್ಡಿಂಗು ಮಂಪರಿಗೆ ಜಾರುವುದು. ನಾನು ಮಾತ್ರ ಎಚ್ಚರ ಮತ್ತು ನಿದ್ದೆಯ ನಡುವೆ ಎಲ್ಲೋ ಕೂತು, ಹಿಂದೆ ಕಲಿಸಿದ ಪಾಠಗಳ ಸಾಲುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಇವರೆಂದರೆ ನನ್ನ ಗಂಡ. ಲೋವರ್ ಪರೇಲಿನ ಕಡೆ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಆಫ್‌ಸೆಟ್ ಯಂತ್ರ ನಡೆಸಿದವರು. ನಮ್ಮಿಬ್ಬರ ಪರಿಚಯವಾದದ್ದೂ ಅಲ್ಲೇ. ಶಾಲೆಯ ವಾರ್ಷಿಕ ಸಂಚಿಕೆ ಅಚ್ಚಿಗೆ ಕೊಡಲು ಹೋಗಿದ್ದಾಗ, ಯಂತ್ರದ ಆರ್ಭಟದ ನಡುವೆ ಇವರು ಮಾತಿಲ್ಲದೆ ಒಂದು ಹಾಳೆಯನ್ನು ನನ್ನ ಮುಂದೆ ಹಿಡಿದು, ನಾನೇ ಮೂರು ಸಲ ತಿದ್ದಿದ್ದ ಪುಟದಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರವನ್ನು ಬೆರಳಿಟ್ಟು ತೋರಿಸಿದ್ದರು. ಇಂಥವರನ್ನು ಬಿಟ್ಟು ಇನ್ನು ಯಾರನ್ನು ಮದುವೆಯಾಗುವುದು ಎಂದು ನನಗೆ ಆಗಲೇ ಅನಿಸಿತ್ತು.

ಹೀಗಿರುವಾಗ ನನಗೊಂದು ಕೆಲಸ ಬಂತು. ಹಳೆಯ ಸಹೋದ್ಯೋಗಿಯೊಬ್ಬರು ಹೇಳಿಕಳಿಸಿದ್ದು. ಜನರ ಖಾಸಗಿ ಮಾಹಿತಿಯ ಬಗ್ಗೆ ಹೊಸ ಕಾನೂನು ಬಂದಿತ್ತು. ವೆಬ್‌ಸೈಟುಗಳು ತಾವು ಏನೇನು ಮಾಹಿತಿ ತೆಗೆದುಕೊಳ್ಳುತ್ತೇವೆ, ಯಾಕೆ ತೆಗೆದುಕೊಳ್ಳುತ್ತೇವೆ ಎನ್ನುವುದನ್ನು ಜನರಿಗೆ ಅವರ ಭಾಷೆಯಲ್ಲೂ ತಿಳಿಸಬೇಕಾಗಿತ್ತು. ಆ ಸೂಚನೆಗಳನ್ನು ಹಲವು ಭಾಷೆಗಳಲ್ಲಿ ಸಿದ್ಧಪಡಿಸಿಕೊಡುವ ಒಂದು ಆಫೀಸು ಅಂಧೇರಿಯಲ್ಲಿತ್ತು. ಅವರಿಗೆ ಕನ್ನಡ ಬರೆಯುವವರು ಬೇಕಾಗಿತ್ತು.

ಮೊದಲ ದಿನ ವಡಾಲಾದಲ್ಲಿ ಲೋಕಲ್ ಹತ್ತಿ ಹೋದೆ. ಮಾಹಿಮ್ ದಾಟುವಾಗ ಸಮುದ್ರದ ಹಿನ್ನೀರಿನ ಮೇಲೆ ಬಿಸಿಲು ಬಿದ್ದು, ರೈಲುಡಬ್ಬಿಯ ಒಳಗೆಲ್ಲ ಬೆಳಕಿನ ಅಲೆಗಳು ಹರಿದಾಡಿದವು. ಅರವತ್ತು ದಾಟಿದ ಮೇಲೆ ಹೊಸ ಕೆಲಸಕ್ಕೆ ಹೋಗುವುದು ಯಾರದೋ ಕನಸಿನಲ್ಲಿ ನಡೆದ ಹಾಗಿತ್ತು.

ಆಫೀಸಿನಲ್ಲಿ ನನ್ನ ಕೆಲಸ ನೋಡಿಕೊಳ್ಳಬೇಕಾದವಳು ಇಪ್ಪತ್ತೈದರ ಒಂದು ಹುಡುಗಿ. ಅವಳ ಅಜ್ಜ ಉಡುಪಿ ಕಡೆಯಿಂದ ಬಂದು ಅಂಧೇರಿ ಸ್ಟೇಷನ್ನಿನ ಹತ್ತಿರ ಹೋಟೆಲು ಹಾಕಿದ್ದರಂತೆ, ಅದು ಈಗಲೂ ಇದೆಯಂತೆ. ನಾನು ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ನಾಚಿಕೊಂಡಳು.

“ಆಂಟಿ, ನಂಗೆ ಕನ್ನಡ ಗೊತ್ತಾಗ್ತದೆ. ಬೋಲ್ನೇ ಮೇ ಪ್ರಾಬ್ಲಂ. ಅಮ್ಮ ತುಳುವಿನಲ್ಲಿ ಬೈತಾರೆ, ನಾನು ಹಿಂದಿಯಲ್ಲಿ ಜವಾಬ್ ಕೊಡ್ತೇನೆ.”

ಮನೆಸಾಮಾನು ಮಾರುವ ಒಂದು ವೆಬ್‌ಸೈಟಿನ ಸೂಚನೆ ನನ್ನ ಪಾಲಿಗೆ ಬಂತು. ಅದರಲ್ಲಿ ಮತ್ತೆ ಮತ್ತೆ ಕುಕೀ ಎಂಬ ಮಾತು ಬರುತ್ತಿತ್ತು. ಆಫೀಸಿನವರು ಕೊಟ್ಟ ಪದಗಳ ಪಟ್ಟಿಯಲ್ಲಿ ಅದನ್ನು ಕುಕೀ ಎಂದೇ ಬರೆಯಬೇಕು ಎಂದಿತ್ತು. ಬರೆಯಲು ತೊಂದರೆಯಿಲ್ಲ, ಅದು ಏನೆಂದು ನನಗೆ ಅರ್ಥವಾಗಬೇಕಲ್ಲ ಎಂದೆ.

ಅವಳು ಸ್ವಲ್ಪ ಯೋಚಿಸಿದಳು. “ಡಬ್ಬಾವಾಲಾ ಊಟದ ಡಬ್ಬಿ ಮೇಲೆ ಬಣ್ಣದಲ್ಲಿ ನಿಶಾನಿ ಹಾಕ್ತಾರಲ್ಲ ಆಂಟಿ, ವೈಸಾ ಹೀ. ನೀವು ಒಂದು ವೆಬ್‌ಸೈಟಿಗೆ ಹೋದ್ರೆ ಅದು ನಿಮ್ಮ ಕಂಪ್ಯೂಟರಲ್ಲಿ ಒಂದು ಸಣ್ಣ ನಿಶಾನಿ ಇಡ್ತದೆ. ನೆಕ್ಸ್ಟ್ ಟೈಮ್ ಹೋದಾಗ, ಹಾಂ, ಇದು ಅದೇ ಡಬ್ಬಿ ಅಂತ ಗೊತ್ತಾಗ್ತದೆ. ನೀವು ಬುಟ್ಟಿಯಲ್ಲಿ ಹಾಕಿಟ್ಟ ಸಾಮಾನು ಹಾಗೇ ಇರ್ಬೇಕಾದ್ರೆ ಅದು ಬೇಕೇ ಬೇಕು.”

“ಅಷ್ಟೇ ಆದರೆ ಒಳ್ಳೆಯದೇ ಅಲ್ಲವಾ?”

“ಅಷ್ಟೇ ಅಲ್ಲ. ಡಬ್ಬಾವಾಲಾ ಡಬ್ಬಿ ತೆರೆದು ನೋಡುದಿಲ್ಲ. ಇಲ್ಲಿ ಕೆಲವರು ನೋಡ್ತಾರೆ. ನೋಡಿ ಬೇರೆಯವರಿಗೂ ಹೇಳ್ತಾರೆ, ಈ ಮನೆಯಲ್ಲಿ ಇವತ್ತು ಬದನೆಕಾಯಿ ಅಂತ.”

ನನಗೆ ಚೆನ್ನಾಗಿ ಅರ್ಥವಾಯಿತು. ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಅವಳು ನನಗಿಂತ ಒಳ್ಳೆಯ ಟೀಚರು ಎಂದುಕೊಂಡು ಮನೆಗೆ ಬಂದೆ.

ಮಗಳು ಮದುವೆಯಾಗಿ ಪುಣೆಗೆ ಹೋಗುವಾಗ ಬಿಟ್ಟುಹೋದ ಒಂದು ಕಂಪ್ಯೂಟರು ಊಟದ ಮೇಜಿನ ಮೂಲೆಯಲ್ಲಿತ್ತು. ಅದನ್ನು ನಾವಿಬ್ಬರೂ ಬಳಸುತ್ತಿದ್ದೆವು. ಇವರು ಬೆಳಿಗ್ಗೆ ಊರಿನ ಸುದ್ದಿ ನೋಡುವರು, ನಾನು ಮಧ್ಯಾಹ್ನ ಅನುವಾದಕ್ಕೆ ಕೂರುವೆ. ಒಪ್ಪಿಗೆ, ಸಮ್ಮತಿ, ಅನುಮತಿ ಎಂಬ ಮೂರು ಪದಗಳನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೂ ನಾಲಿಗೆಯ ಮೇಲೆ ಇಟ್ಟು ನೋಡುತ್ತ ಎಷ್ಟೋ ಹೊತ್ತು ಕಳೆದದ್ದುಂಟು. ಸಮ್ಮತಿ ಎಂದರೆ ಮಂಟಪದಲ್ಲಿ ಕೂತ ಹಾಗೆ. ಅನುಮತಿ ಎಂದರೆ ಹೆಡ್‌ಮಾಸ್ಟರರ ಬಾಗಿಲಲ್ಲಿ ನಿಂತ ಹಾಗೆ. ಒಪ್ಪಿಗೆ ಎಂಬುದೇ ಸರಿ, ಅದರಲ್ಲಿ ಇಬ್ಬರು ಸಮನಾಗಿ ಕೂತಿದ್ದಾರೆ ಎಂದು ಅನಿಸಿತು. ಹೊರಗೆ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಬಿಸಿಲಿನ ಚೌಕ ನೆಲದ ಮೇಲೆ ಮೆಲ್ಲಗೆ ಸರಿದು ಮಂಚದ ಕಾಲನ್ನು ಮುಟ್ಟುತ್ತಿತ್ತು.

ಬರೆದ ವಾಕ್ಯವನ್ನು ಇವರಿಗೆ ಓದಿ ಹೇಳುತ್ತಿದ್ದೆ. ಇವರು ಪೇಪರಿನಿಂದ ತಲೆಯೆತ್ತಿ, ನಕ್ಕು, “ಚಂದ ಉಂಟು” ಎನ್ನುವರು. ದಿನಕ್ಕೆ ಹತ್ತು ಸಲ ಓದಿದರೂ ಹತ್ತು ಸಲವೂ ಚಂದ ಉಂಟು. ಜೀವನದಲ್ಲಿ ಒಂದು ತಪ್ಪನ್ನೂ ಬಿಡದೆ ಹಿಡಿದ ಮನುಷ್ಯ ಇಷ್ಟು ಹೊಗಳುವಾಗ ನನಗೆ ಹೆಮ್ಮೆಯೇ ಆಗುತ್ತಿತ್ತು.

ಒಂದು ದಿನ ಕೇಳಿದೆ, “ಇಲ್ಲಿ ಕೇಳಿ, ಕುಕೀ ಅಂದ್ರೆ ಎಂತ ಗೊತ್ತುಂಟಾ ನಿಮಗೆ?”

ಇವರು ಎದ್ದು ಅಡಿಗೆಮನೆಗೆ ಹೋದರು. ಬಂದು ಕೂತು, “ಕುಕ್ಕರು ಆಫ್ ಮಾಡಿದೆ ಮಾರಾಯ್ತಿ” ಎಂದರು.

ಕುಕ್ಕರು ಇಟ್ಟೇ ಇರಲಿಲ್ಲ. ತಮಾಷೆ ಮಾಡುತ್ತಿದ್ದಾರೆಂದು ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಇವರೂ ನಕ್ಕರು, ಸ್ವಲ್ಪ ತಡವಾಗಿ.

ಅದಾಗಿ ಒಂದು ವಾರಕ್ಕೋ ಎರಡು ವಾರಕ್ಕೋ ಕಿವಿಗಳು ಬರಲು ಶುರುವಾದವು. ನಾನು ಕನ್ನಡ ಸುದ್ದಿ ಓದುತ್ತಿದ್ದ ಪುಟದ ಬಲಗಡೆಯ ಜಾಹೀರಾತಿನಲ್ಲಿ ಒಂದು ದೊಡ್ಡ ಕಿವಿ, ಅದರ ಹಿಂದೆ ಅಡಗಿದ ಹುರುಳಿಕಾಳಿನ ಗಾತ್ರದ ಯಂತ್ರ. ಅಡಿಗೆಯ ಪುಟ ತೆರೆದರೆ ಅಲ್ಲಿ ಬಿಳಿಕೂದಲಿನ ದಂಪತಿ ತೋಟದಲ್ಲಿ ನಿಂತು ನಗುತ್ತಿದ್ದರು, ಕೆಳಗೆ ‘ಮತ್ತೆ ಕೇಳಿಸಿಕೊಳ್ಳಿ’ ಎಂದು ಬರೆದಿತ್ತು. ಮಳೆ ಯಾವಾಗ ಬರುತ್ತದೆಂದು ನೋಡಲು ಹೋದರೂ ಕಿವಿ. ಮೊದಲು ನನಗೆ ಸಿಟ್ಟು ಬಂತು. ವಯಸ್ಸಾದವಳೆಂದು ಇದಕ್ಕೆ ಹೇಗೆ ತಿಳಿಯಿತು? ನನ್ನ ಕಿವಿ ಚೆನ್ನಾಗಿಯೇ ಇದೆಯಲ್ಲ!

ಮುಂದಿನ ಸಲ ಅಂಧೇರಿಗೆ ಹೋದಾಗ ಹುಡುಗಿಗೆ ಹೇಳಿದೆ. ಅವಳು ನಕ್ಕಳು.

“ವಯಸ್ಸು ಅಲ್ಲ ಆಂಟಿ. ಸೇಮ್ ಕಂಪ್ಯೂಟರ್‌ನಲ್ಲಿ ಯಾರೋ ಸರ್ಚ್ ಮಾಡಿರ್ಬೇಕು. ಮುಂದೆ ಯಾರು ಕೂತಿದ್ದಾರೆ ಅಂತ ಕುಕೀಗೆ ಎಲ್ಲಿ ಗೊತ್ತಾಗ್ತದೆ? ಅದಕ್ಕೆ ಕಂಪ್ಯೂಟರ್ ಒಂದಾದ್ರೆ ಆದ್ಮಿಯೂ ಒಂದೇ.” ಆಮೇಲೆ ಸಹಜವಾಗಿ ಸೇರಿಸಿದಳು, “ಹಿಸ್ಟರಿ ನೋಡಿ ಬೇಕಾದ್ರೆ. ಯಾರು ಎಲ್ಲೆಲ್ಲಿ ಹೋಗಿದ್ರು, ಸಬ್ ದಿಖೇಗಾ.”

ಮರಳಿ ಬರುವಾಗ ಲೋಕಲಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಆ ಕಂಪ್ಯೂಟರನ್ನು ಮುಟ್ಟುವವರು ಇಬ್ಬರೇ. ಬಾಂದ್ರಾ ಹೋಯಿತು, ಮಾಹಿಮ್ ಹೋಯಿತು. ಒಂದೊಂದು ಸ್ಟೇಷನ್ನಿನಲ್ಲೂ ಒಂದೊಂದು ನೆನಪು ಹತ್ತಿ ನನ್ನ ಪಕ್ಕದಲ್ಲಿ ಕೂತ ಹಾಗಾಯಿತು. ಇವರು ಟೀವಿಯ ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೊಂಡದ್ದು. ಮಾಟುಂಗಾದ ಗೆಳೆಯರ ಸಂಜೆಯ ಹರಟೆಗೆ ಹೋಗುವುದನ್ನು ಬಿಟ್ಟದ್ದು, ಕೇಳಿದರೆ ಮೊಣಕಾಲು ನೋವು ಎಂದದ್ದು. ಮೊಮ್ಮಗಳು ಪುಣೆಯಿಂದ ಫೋನ್ ಮಾಡಿದರೆ ಎರಡು ಮಾತಾಡಿ ನನ್ನ ಕೈಗೆ ಕೊಡುವುದು. ನಾನು ಮಾತಾಡುವಾಗ ಕಣ್ಣನ್ನಲ್ಲ, ತುಟಿಯನ್ನು ನೋಡುವುದು. ಇತ್ತೀಚೆಗೆ ನನ್ನ ಮುಖ ನೋಡುವುದು ಹೆಚ್ಚಾಗಿದೆ ಎಂದು ನಾನು ಒಳಗೊಳಗೇ ಖುಷಿಪಟ್ಟಿದ್ದೆ. ಆಮೇಲೆ ಇಲ್ಲದ ಕುಕ್ಕರನ್ನು ಆಫ್ ಮಾಡಿದ್ದು. ಕಿಂಗ್ಸ್ ಸರ್ಕಲ್ ಬರುವ ಹೊತ್ತಿಗೆ ನನಗೆ ಗೊತ್ತಾಗಿಬಿಟ್ಟಿತ್ತು.

ಮಾರನೆಯ ಮಧ್ಯಾಹ್ನ ಇವರು ಮಲಗಿದ್ದಾಗ ಕಂಪ್ಯೂಟರಿನ ಮುಂದೆ ಕೂತೆ. ಹಿಸ್ಟರಿ ಎಂಬ ಪದದ ಮೇಲೆ ಬಾಣದ ಗುರುತನ್ನು ಇಟ್ಟೆ. ಒಂದು ಸಲ ಒತ್ತಿದರೆ ಇವರು ಎಲ್ಲೆಲ್ಲಿ ಹೋಗಿದ್ದರು, ಏನೇನು ಕೇಳಿದ್ದರು ಎಲ್ಲ ಸಾಲಾಗಿ ಬಂದು ನಿಲ್ಲುತ್ತಿತ್ತು. ಅದೇ ಪರದೆಯ ಪಕ್ಕದಲ್ಲಿ ನಾನು ಬೆಳಿಗ್ಗೆ ಬರೆದಿಟ್ಟ ವಾಕ್ಯ ಇತ್ತು: ‘ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಮಾಹಿತಿಯನ್ನು ಯಾರೂ ನೋಡುವುದಿಲ್ಲ.’ ಒಳಗಿನ ಕೋಣೆಯಿಂದ ಇವರ ಉಸಿರಾಟ ಕೇಳುತ್ತಿತ್ತು. ಅಷ್ಟು ವರ್ಷ ಜೊತೆಗಿದ್ದ ಮನುಷ್ಯ ನನಗೆ ಹೇಳದೆ ಒಂದು ಯಂತ್ರಕ್ಕೆ ಹೇಳಿಕೊಂಡಿದ್ದಾರೆ ಎಂಬ ದುಃಖ ಒಂದು ಕಡೆ. ಹೇಳಬಾರದು ಎಂದು ಅವರಿಗೆ ಅನಿಸಿದ್ದರೆ ಅದು ಅವರದ್ದೇ ಅಲ್ಲವೇ ಎಂಬ ಮಾತು ಇನ್ನೊಂದು ಕಡೆ. ನಾನು ಒತ್ತಲಿಲ್ಲ. ಒಳ್ಳೆಯವಳೆಂದು ಅಲ್ಲ, ನೋಡಿದ ಮೇಲೆ ಏನೂ ನೋಡದವಳ ಹಾಗೆ ಇರಲು ನನಗೆ ಬರುವುದಿಲ್ಲ, ಅದಕ್ಕೆ.

ಅಂದಿನಿಂದ ನಾನು ಇವರ ಎದುರಿಗೆ ಬಂದು, ಬೆಳಕಿಗೆ ಮುಖ ಮಾಡಿ ಮಾತಾಡಲು ಶುರುಮಾಡಿದೆ. ದನಿ ಏರಿಸಲಿಲ್ಲ. ವಾಕ್ಯಗಳನ್ನು ಓದಿ ಹೇಳುವುದನ್ನು ನಿಲ್ಲಿಸಿ, ಕಾಗದದ ಮೇಲೆ ಬರೆದು ಕೊಟ್ಟೆ. ಅಂದೇ ಹನ್ನೊಂದು ತಪ್ಪು ತೋರಿಸಿದರು! ಹಾಗಾದರೆ ಇಷ್ಟು ದಿನದ ಚಂದವೆಲ್ಲ ಏನಾಯಿತು ಎಂದು ಕೇಳುವ ಹಾಗಿರಲಿಲ್ಲ.

ಮೊದಲ ಮಳೆ ಬಂದ ಮೇಲಿನ ಒಂದು ಬೆಳಿಗ್ಗೆ. ಇವರು ಸ್ನಾನಕ್ಕೆ ಹೋಗಿದ್ದರು. ಇವರ ಮೊಬೈಲು ಮೇಜಿನ ಮೇಲೆ ಗುರ್ರೆನ್ನುತ್ತ ತಿರುಗುತ್ತಿತ್ತು. ಆ ದಿನಗಳಲ್ಲಿ ಇವರ ಫೋನಿಗೆ ಕರೆಗಳು ಬಹಳ ಬರುತ್ತಿದ್ದವು. ಇವರು ನೋಡಿ ಕಟ್ ಮಾಡುತ್ತಿದ್ದರು. ಗ್ಯಾಸ್ ಸಿಲಿಂಡರಿನವನು ಬರಬೇಕಿತ್ತು. ಅವನೇ ಇರಬೇಕೆಂದು ಎತ್ತಿದೆ.

ಸಕ್ಕರೆಯ ಹಾಗೆ ಸಿಹಿಯಾದ ಒಂದು ಹೆಣ್ಣುದನಿ. “ನಮಸ್ತೇ ಜೀ, ಸರ್ ನೇ ಹಮಾರೇ ವೆಬ್‌ಸೈಟ್ ಪೇ ಹಿಯರಿಂಗ್ ಟೆಸ್ಟ್ ಕಿಯಾ ಥಾ...” ಎಂದು ಸರ್ ಮಾಡಿಕೊಂಡ ಕಿವಿ ಪರೀಕ್ಷೆಯಿಂದ ಆರಂಭಿಸಿ, ನಾನು ಯಾರೆಂದೂ ಕೇಳದೆ, ಸರ್ ಅವರ ಎಡಗಿವಿ ಬಹಳ ಮಂದವಾಗಿದೆ, ಬಲಗಿವಿಯೂ ಕೆಟ್ಟುಹೋಗುವ ಮೊದಲು ಬೇಗ ಬರಬೇಕು, ತಡಮಾಡಿದರೆ ನೆನಪಿನ ಶಕ್ತಿಗೂ ಅಪಾಯ ಎಂದು ಒಂದೇ ಉಸಿರಿಗೆ ಹೇಳಿದಳು.

“ನಾನು ಯಾರು ಗೊತ್ತಾ ನಿಮಗೆ?” ಎಂದು ಹಿಂದಿಯಲ್ಲಿ ಕೇಳಿದೆ.

“ಆಪ್ ಮಿಸೆಸ್ ಹೋಂಗೀ ನಾ?”

“ನಾನು ಪಕ್ಕದ ಮನೆಯವಳಾಗಿದ್ದರೆ? ಅವರ ಕಿವಿಯ ವಿಷಯ ನೀವು ದಾರಿಹೋಕರಿಗೆಲ್ಲ ಹೇಳುತ್ತೀರಾ?”

ಅವಳು ಅದೇ ಸಿಹಿ ದನಿಯಲ್ಲಿ, ಸರ್ ಫಾರ್ಮಿನಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ ಎಂದಳು. ನಾನು ಫೋನನ್ನು ಕೆಳಗಿಟ್ಟೆ.

ಇವರು ತಲೆ ಒರೆಸುತ್ತ ಹೊರಗೆ ಬಂದರು. ನಾನು ಫೋನಿನ ಪಕ್ಕ ನಿಂತದ್ದನ್ನು ನೋಡಿದರು.

“ಯಾರದ್ದು ಫೋನು?”

ಬಲಗಡೆಗೆ ಹೋಗಿ, ಹತ್ತಿರ ನಿಂತು, ಮೆಲ್ಲಗೆ ಹೇಳಿದೆ. “ನಿಮ್ಮ ಎಡಗಿವಿಯ ವಿಷಯ ಮಾತಾಡ್ಲಿಕ್ಕೆ ಯಾರೋ ಮಾಡಿದ್ರು.”

ಇವರ ಮುಖ ಕೆಂಪಗಾಯಿತು. “ನನ್ನ ಫೋನು ನೀನು ಯಾಕೆ ಎತ್ತಿದ್ದು?”

“ಸಿಲಿಂಡರಿನವ ಅಂತ ಎಣಿಸಿದೆ.”

“ಯಾರಾದ್ರೆ ಏನು? ನನ್ನ ಫೋನಲ್ವಾ?” ಎಂದರು. ದನಿ ತುಂಬ ದೊಡ್ಡದಾಗಿತ್ತು. ಅದು ದೊಡ್ಡದಾಗಿದೆ ಎಂದು ಅವರಿಗೆ ಕೇಳಿಸುತ್ತಿಲ್ಲ ಎಂದು ನನಗೆ ಅನಿಸಿದಾಗ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವರಿಗೂ ಹಾಗೇ ಆಗಿರಬೇಕು. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಕಿಟಕಿಯ ಆಚೆ ಮಳೆ ಬೂದುಬಣ್ಣದ ಪರದೆಯ ಹಾಗೆ ಇಳಿದಿತ್ತು. ಉಪ್ಪಿನ ಗದ್ದೆ, ಆಕಾಶ, ಎದುರಿನ ಬಿಲ್ಡಿಂಗು ಎಲ್ಲ ಒಂದೇ ಬಣ್ಣವಾಗಿದ್ದವು.

“ನಿಂಗೆ ಯಾವಾಗ ಗೊತ್ತಾಯ್ತು?” ಎಂದು ಕೇಳಿದರು.

“ಸುಮಾರು ದಿನ ಆಯ್ತು. ಕಂಪ್ಯೂಟರಲ್ಲಿ ಬರೀ ಕಿವಿ ಬರ್ತಿತ್ತು.”

“ಕಂಪ್ಯೂಟರಲ್ಲಿ ನಿಂಗೂ ಬಂತಾ?” ಇವರಿಗೆ ನಂಬಲಾಗಲಿಲ್ಲ. “ನಾನು ನೋಡಿ ಬಂದ್ ಮಾಡಿದ್ದೆ. ಒಂದು ಪುಟವೂ ಬಿಡ್ಲಿಲ್ಲ.”

ಬಂದ್ ಮಾಡಿದರೂ ಗುರುತು ಉಳಿಯುತ್ತದೆ ಎಂದು ಹೇಳಿದೆ. ಡಬ್ಬಿಯ ನಿಶಾನಿಯ ಕಥೆಯನ್ನೂ ಹೇಳಿದೆ, ಒಂದೊಂದೇ ಮಾತು ಬಿಡಿಸಿ. ಇವರು ನನ್ನ ತುಟಿಗಳನ್ನೇ ನೋಡುತ್ತ ಕೇಳಿದರು.

“ನಂಗೆ ಯಾಕೆ ಹೇಳ್ಲಿಲ್ಲ ನೀವು?” ಎಂದೆ ಕೊನೆಗೆ.

ಇವರು ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. “ನೀನು ಟೀಚರಲ್ವಾ,” ಎಂದರು. “ಗೊತ್ತಾದ್ರೆ ಕ್ಲಾಸಿನಲ್ಲಿ ಮಾತಾಡಿದ ಹಾಗೆ ಗಟ್ಟಿಯಾಗಿ ಮಾತಾಡ್ತಿ. ಮನೆಯಲ್ಲಿ ನೀನು ಮೆಲ್ಲ ಮಾತಾಡುದು ನಂಗೆ ಇಷ್ಟ. ಅರ್ಧ ಕೇಳ್ದಿದ್ರೂ ಅಡ್ಡಿಲ್ಲ, ಅದು ಹಾಗೇ ಇರ್ಲಿ ಅಂತ.”

ಎದ್ದು ಹೋಗಿ ಕಾಫಿಗೆ ನೀರಿಟ್ಟೆ. ನೀರು ಕುದಿದದ್ದೂ ನನಗೆ ತಿಳಿಯಲಿಲ್ಲ. ಇವರೇ ಬಂದು ಇಳಿಸಿದರು.

ಕಾಫಿ ಕುಡಿಯುತ್ತ ಉಳಿದದ್ದನ್ನು ಹೇಳಿದರು. ನಾನು ಅಂಧೇರಿಗೆ ಹೋಗಿದ್ದ ಒಂದು ಮಧ್ಯಾಹ್ನ ಕಂಪ್ಯೂಟರಿಗೆ ಹೆಡ್‌ಫೋನು ಹಾಕಿ, ಮನೆಯಲ್ಲೇ ಕಿವಿ ಪರೀಕ್ಷೆ ಮಾಡಿಕೊಳ್ಳಬಹುದೆಂಬ ಒಂದು ವೆಬ್‌ಸೈಟಿಗೆ ಹೋಗಿದ್ದರು. ಪರೀಕ್ಷೆ ಮುಗಿದ ಮೇಲೆ ಫಲಿತಾಂಶ ನೋಡಲು ಹೆಸರು, ಫೋನ್ ನಂಬರು ಕೊಡಿ ಎಂದಿತು. ಕೊಟ್ಟರು. ದೊಡ್ಡ ಹಸಿರು ಬಟನ್ ಇತ್ತು, ಒತ್ತಿದರು. ಮಾರನೆಯ ದಿನದಿಂದ ಕರೆಗಳು, ಒಂದೇ ಕಂಪನಿಯಿಂದ ಅಲ್ಲ, ಎಲ್ಲೆಲ್ಲಿಂದಲೋ. ಫೋನಿನಲ್ಲಿ ಇವರಿಗೆ ಸರಿಯಾಗಿ ಕೇಳುವುದೇ ಇಲ್ಲ. ಕಿವಿ ಕೇಳದವನಿಗೆ ಕಿವಿ ಕೇಳಿಸುತ್ತೇವೆ ಎಂದು ದಿನಕ್ಕೆ ಹತ್ತು ಸಲ ಫೋನು!

ನಾನು ಆ ಪುಟವನ್ನು ತೆರೆಸಿದೆ. ಈ ಸಲ ಒಪ್ಪಿಗೆ ಕೇಳಿಯೇ. ಹಸಿರು ಬಟನ್ನಿನ ಕೆಳಗೆ ಬೂದು ಅಕ್ಷರದಲ್ಲಿ ಒಂದು ಇಂಗ್ಲಿಷ್ ಸಾಲು: ನಿಮ್ಮ ವಿವರಗಳನ್ನು ನಮ್ಮ ಸಹಭಾಗಿಗಳೊಂದಿಗೆ ಹಂಚಿಕೊಳ್ಳಲು ಒಪ್ಪಿದ್ದೀರಿ. ಅದರ ಪಕ್ಕದ ಚೌಕದಲ್ಲಿ ಮೊದಲೇ ಟಿಕ್ ಹಾಕಿತ್ತು.

ಇವರು ಕನ್ನಡಕವನ್ನು ಮೂಗಿನ ತುದಿಗೆ ತಂದು ಪರದೆಗೆ ಬಗ್ಗಿದರು. “ಆರು ಪಾಯಿಂಟ್ ಅಕ್ಷರ, ಇರುವೆಯಷ್ಟು. ಅದೂ ಬೂದು. ಬಿಳಿ ಕಾಗದದ ಮೇಲೆ ಆರು ಪಾಯಿಂಟು ಬೂದು ಅಚ್ಚು ಹಾಕ್ಲಿಕ್ಕೆ ಯಾರಾದ್ರೂ ಬಂದಿದ್ರೆ ನಾನು ಪ್ರೆಸ್ಸಿನಿಂದ ಓಡಿಸ್ತಿದ್ದೆ,” ಎಂದರು. ಆಮೇಲೆ ಸಣ್ಣ ದನಿಯಲ್ಲಿ, “ಓದ್ಲಿಲ್ಲ ನಾನು. ಒಂದು ಸಾಲೂ ಬಿಡದವ, ಇದನ್ನು ಓದ್ಲಿಲ್ಲ.” ಅವರಿಗೆ ಕಿವಿಗಿಂತ ಅದೇ ಹೆಚ್ಚು ನೋವಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಆ ವಾರ ಅಂಧೇರಿಗೆ ಹೋದಾಗ ನನ್ನ ಅನುವಾದದ ಕೊನೆಯ ಭಾಗ ಸಿದ್ಧವಾಗಿತ್ತು. ಅದರಲ್ಲೂ ಅಂಥದೇ ಒಂದು ಸಾಲಿತ್ತು. ಇಂಗ್ಲಿಷಿನಲ್ಲಿ ಮೂರು ಸಾಲು ಉದ್ದ, ಸಹಭಾಗಿಗಳು, ಸೇವೆಯ ಗುಣಮಟ್ಟ, ಉತ್ತಮ ಅನುಭವ ಎಂದೆಲ್ಲ ಸುತ್ತಿ ಬರುತ್ತಿತ್ತು. ನಾನು ಹೀಗೆ ಬರೆದಿದ್ದೆ: ‘ನಿಮ್ಮ ಫೋನ್ ನಂಬರನ್ನು ಬೇರೆ ಕಂಪನಿಗಳಿಗೆ ಕೊಡುತ್ತೇವೆ. ಅವರು ನಿಮಗೆ ಫೋನ್ ಮಾಡಬಹುದು. ಬೇಡವೆಂದರೆ ಕೊಡುವುದಿಲ್ಲ.’

ಮ್ಯಾನೇಜರಿಗೆ ಹುಡುಗಿ ಅದರ ಅರ್ಥ ಹೇಳಿದಳು. ಅವರು ಹುಬ್ಬು ಗಂಟಿಕ್ಕಿದರು. ಮೇಡಂ, ಅರ್ಥ ಸರಿಯಾಗಿದೆ, ಆದರೆ ಹೀಗೆ ನೇರವಾಗಿ ಬರೆದರೆ ಯಾರು ಒಪ್ಪುತ್ತಾರೆ ಎಂದರು.

“ಅರ್ಥವಾಗಿ ಒಪ್ಪದಿದ್ದರೆ ಅದು ಅವರ ಇಷ್ಟ,” ಎಂದೆ. “ಅರ್ಥವಾಗದೆ ಒಪ್ಪಿದರೆ ಅದಕ್ಕೆ ಒಪ್ಪಿಗೆ ಎಂದು ಕನ್ನಡದಲ್ಲಿ ಹೇಳುವುದಿಲ್ಲ.”

ತರಗತಿಯಲ್ಲಿ ಮಾತಾಡಿದ ಹಾಗೇ ಗಟ್ಟಿಯಾಗಿ ಮಾತಾಡಿದ್ದೆ ಎಂದು ಎಲ್ಲರೂ ತಿರುಗಿ ನೋಡಿದಾಗ ತಿಳಿಯಿತು. ಆಗ ಹುಡುಗಿ ಎದ್ದು ನಿಂತು, ಕಾನೂನು ಕೂಡ ಇದನ್ನೇ ಹೇಳುತ್ತದೆ, ಸರಳವಾದ ಮಾತಿನಲ್ಲಿ ಕೇಳಬೇಕು, ಕೊಟ್ಟ ಒಪ್ಪಿಗೆಯನ್ನು ಅಷ್ಟೇ ಸುಲಭವಾಗಿ ವಾಪಸು ಪಡೆಯುವಂತಿರಬೇಕು ಎಂದು ತನ್ನ ಹಿಂದಿ-ಇಂಗ್ಲಿಷಿನಲ್ಲಿ ವಾದಿಸಿದಳು. ಚೌಕಕ್ಕೆ ಮೊದಲೇ ಟಿಕ್ ಹಾಕಬಾರದು, ‘ಬೇಡ’ ಎಂಬ ಬಟನ್ನು ‘ಒಪ್ಪಿಗೆ’ಯಷ್ಟೇ ದೊಡ್ಡದಿರಬೇಕು ಎಂದೂ ಹೇಳಿದಳು. ಅವಳ ಕೆನ್ನೆ ಕೆಂಪಾಗಿತ್ತು. ನನ್ನ ಮನೆಯ ವಿಷಯ ಅವಳಿಗೆ ನಾನು ಹೇಳಿರಲಿಲ್ಲ. ಹೇಳಬಾರದೆಂದಿದ್ದೆ.

ಎಲ್ಲ ನಾವಂದ ಹಾಗೆ ಆಗಲಿಲ್ಲ. ಬಟನ್ನುಗಳು ಒಂದೇ ಗಾತ್ರದವಾದವು. ನನ್ನ ನೇರವಾದ ವಾಕ್ಯ ಮೊದಲ ಪುಟದಲ್ಲಿ ಉಳಿಯಿತು. ಒಳಪುಟದ ಉದ್ದನೆಯ ನಿಯಮಾವಳಿಯಲ್ಲಿ ಮಾತ್ರ ಸಹಭಾಗಿಗಳೂ ಅನುಭವವೂ ಹಾಗೇ ಕೂತವು. ಅಷ್ಟಾದರೂ ಆಯಿತಲ್ಲ ಎಂದು ಹುಡುಗಿ ನನಗೆ ಅಜ್ಜನ ಹೋಟೆಲಿನಲ್ಲಿ ನೀರ್ ದೋಸೆ ತಿನ್ನಿಸಿದಳು.

ಇತ್ತ ಇವರು ಕಿವಿ ಪರೀಕ್ಷೆಯ ಕಂಪನಿಗೆ ಪತ್ರ ಬರೆದರು. ನನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ನನ್ನ ಹೆಸರು, ನಂಬರು, ಫಲಿತಾಂಶ ಎಲ್ಲವನ್ನೂ ಅಳಿಸಬೇಕು ಎಂದು. ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಎರಡು ದಿನ ತಿದ್ದಿದರು. ಕೆಲವು ದಿನದ ಮೇಲೆ, ಅಳಿಸಿದ್ದೇವೆ ಎಂದು ಉತ್ತರ ಬಂತು. ಕರೆಗಳು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ನಂಬರು ಅಷ್ಟರಲ್ಲಿ ಇನ್ನೆಲ್ಲೆಲ್ಲಿಗೋ ಹೋಗಿತ್ತು. ಕಂಪ್ಯೂಟರಿನ ಕುಕೀಗಳನ್ನು ಅಳಿಸುವುದನ್ನು ಹುಡುಗಿ ನನಗೆ ಕಲಿಸಿದ್ದಳು. ನಾನು ಇವರಿಗೆ ಕಲಿಸಿದೆ. ಅಳಿಸಿದ ಮೇಲೆ ಕಿವಿಗಳು ಹೋದವು. ಎರಡು ದಿನ ಪುಟದ ಬಲಗಡೆ ಯಾವುದೋ ಟ್ರ್ಯಾಕ್ಟರು ಬಂದು ನಿಂತಿತ್ತು. ನಾವು ಯಾರೆಂದು ಅದಕ್ಕೆ ತಿಳಿಯದಾಗಿತ್ತು. ಆ ಟ್ರ್ಯಾಕ್ಟರನ್ನು ನೋಡಿ ನನಗೆ ಎಂಥದೋ ನಿರಾಳ.

ಕಿವಿಯನ್ನು ನಿಜವಾಗಿ ನೋಡಿಸಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದೆವು. ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಲ್ಲಿ ಇವರನ್ನು ಕೂರಿಸಿ, ಎಳೆಯ ಡಾಕ್ಟರಮ್ಮ “ಕಾಕಾ, ಆವಾಜ್ ಆಲಾ ಕೀ ಬಟನ್ ದಾಬಾ” ಎಂದು ಮರಾಠಿಯಲ್ಲಿ ಹೇಳಿ, ಸದ್ದು ಬಂದಾಗ ಬಟನ್ ಒತ್ತುವುದು ಹೇಗೆಂದು ತೋರಿಸಿದಳು. ನಾನು ಗಾಜಿನ ಹೊರಗೆ ನಿಂತಿದ್ದೆ. ನನಗೆ ಯಾವ ಶಬ್ದವೂ ಕೇಳುತ್ತಿರಲಿಲ್ಲ. ಇವರು ಕಣ್ಣು ಮುಚ್ಚಿ, ನೀರಿನ ಅಡಿಯಲ್ಲಿ ಕೂತವರ ಹಾಗೆ ಕಾಯುತ್ತಿದ್ದರು; ಎಲ್ಲಿಂದಲೋ ಒಂದು ಸಣ್ಣ ಸದ್ದು ಬಂದು ಮುಟ್ಟಿದಾಗ ಹೆಬ್ಬೆರಳು ಅಲುಗುತ್ತಿತ್ತು. ಎಡಗಿವಿಯ ಸರದಿಯಲ್ಲಿ ಹೆಬ್ಬೆರಳು ಬಹಳ ಹೊತ್ತು ಸುಮ್ಮನಿತ್ತು. ವರದಿಯನ್ನು ಡಾಕ್ಟರಮ್ಮ ನನ್ನ ಕಡೆ ಚಾಚಿದಳು. ಮತ್ತೆ ಏನನ್ನಿಸಿತೋ, ಇವರ ಕಡೆ ತಿರುಗಿ, ಕಾಕೂಗೆ, ಅಂದರೆ ನನಗೆ, ತೋರಿಸಬಹುದಾ ಎಂದು ಸನ್ನೆಯಲ್ಲಿ ಕೇಳಿದಳು. ಇವರು ನಕ್ಕು ತಲೆಯಾಡಿಸಿದರು.

ಬಲಗಿವಿಯೂ ಅಷ್ಟಿಷ್ಟು ಮಂದವಾಗಿದೆಯೆಂದು ತಿಳಿದು, ಭಾದ್ರಪದದ ಹೊತ್ತಿಗೆ ಎರಡು ಕಿವಿಗೂ ಯಂತ್ರ ಬಂತು. ಮೊದಲ ದಿನ ರಸ್ತೆಗೆ ಇಳಿದವರು ಅರ್ಧ ಗಳಿಗೆಯಲ್ಲಿ ಓಡಿ ಬಂದು ತೆಗೆದಿಟ್ಟರು. ಮುಂಬಯಿ ಇಷ್ಟು ಕೂಗುತ್ತದೆಂದು ಮರೆತೇಹೋಗಿತ್ತು ಎಂದರು. ಲೋಕಲಿನಲ್ಲಿ ಇಂದಿಗೂ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಹಾಕಿಕೊಂಡಿರುತ್ತಾರೆ. ನೀರು ಸೊಪ್ಪಿನ ಮೇಲೆ ಬೀಳುವ ಸದ್ದು, ಚಪಾತಿಯ ಲಟ್ಟಣಿಗೆ, ನನ್ನ ಬಳೆ, ಎದುರುಮನೆಯ ಉತ್ತರ ಕರ್ನಾಟಕದ ಅಮ್ಮ ಬಾಗಿಲಲ್ಲಿ ನಿಂತು “ಹೆಂಗದೀರ್ರೀ ಅಣ್ಣಾರ?” ಎಂದು ಕೇಳುವುದು, ಒಂದೊಂದನ್ನೂ ತಲೆಯೆತ್ತಿ ಕೇಳುತ್ತಾರೆ. ಗೆಳೆಯರ ಹರಟೆಗೆ ಮತ್ತೆ ಹೋಗಲು ಶುರುಮಾಡಿದ್ದಾರೆ. ನನ್ನ ವಾಕ್ಯಗಳನ್ನು ಓದಿ ಹೇಳಿದರೆ ಈಗ ಚಂದ ಉಂಟು ಎನ್ನುವುದಿಲ್ಲ.

ಒಂದು ದಿನ ಊಟವಾಗಿ ಮಲಗಿದ್ದೆ. ಎಂಥದೋ ಗಾಢವಾದ ನಿದ್ದೆ. ಎಚ್ಚರವಾದಾಗ ಇವರು ಮಂಚದ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು, ಮುಖದಲ್ಲಿ ಮಕ್ಕಳ ಹಾಗೆ ಒಂದು ಬೆರಗು.

“ನೀನು ನಿದ್ದೆಯಲ್ಲಿ ಮಾತಾಡ್ತಿ,” ಎಂದರು. “ಇಷ್ಟು ವರ್ಷ ನಂಗೆ ಗೊತ್ತೇ ಇರ್ಲಿಲ್ಲ.”

ಎದ್ದು ಕೂತೆ. “ಎಂತ ಹೇಳಿದೆ ನಾನು?”

“ಸುಮಾರು ಹೇಳಿದಿ.”

“ಎಂತ ಹೇಳಿದೆ, ಹೇಳಿ.”

ಇವರು ಕಿಟಕಿಯ ಕಡೆ ನೋಡಿದರು. ಮಳೆ ನಿಂತ ಮೇಲಿನ ತೆಳು ಬಿಸಿಲು ಕೋಣೆಯೊಳಗೆ ಬಂದಿತ್ತು.

“ಅದು ನಿಂದು. ನಾನು ಹೇಳುದಿಲ್ಲ,” ಎಂದರು. ನಾನು ಎಷ್ಟು ಕಾಡಿದರೂ ಇವತ್ತಿನವರೆಗೆ ಹೇಳಿಲ್ಲ.